ಬಿಸಿಲ ಕಡೆಯ ಅಟ್ಟಣೆ

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದೇ. ತೆರಕಣಾಂಬಿಯ ಯಜಮಾನರು ಸಿದ್ದಮಲ್ಲಪ್ಪನವರು ಎರಡು ಸಲ ಕೇಳಿದ್ದರು, "ಮೊಳೆ ತರುಸ್ಲೇನ್ಲಾ ಬೆಟ್ಟ?" ಅಂತ. ಎರಡು ಸಲವೂ ಬೇಡ ಅಂದವನು ನಾನು. ಎರಡನೆಯ ಸಲ ಸ್ವಲ್ಪ ಗಂಟಲೇರಿಸಿಯೇ ಅಂದೆ.

"ಬುದ್ದಿ, ಆನೆ ಬಂದು ಮೈ ಉಜ್ಜುದ್ರೂ ಅಳ್ಳಾಡಾಕಿಲ್ಲ ನನ್ ಅಟ್ಟಣೆ. ಇನ್ನು ಕಬಡ್ಡಿ ನೋಡಾಕೆ ಬರೋ ಜನ ಯಾವ್ ಲೆಕ್ಕ?"

ಈ ಮಾತು ಆಮೇಲೆ ನನ್ನನ್ನು ಎಷ್ಟು ತಿಂದಿತೆಂದರೆ, ಇವತ್ತಿಗೂ ಯಾರಾದರೂ ನನ್ನ ಕೈಕೆಲಸ ಹೊಗಳಿದರೆ ಮಾತು ತಿರುಗಿಸಿಬಿಡುತ್ತೇನೆ.

ನಾನು ಹಂಗಳದ ಬೆಟ್ಟಯ್ಯ. ನಮ್ಮ ಹೊಲದ ಬದುವಿನಾಚೆಗೇ ಕಾಡು. ರಾಗಿ ತೆನೆ ಕಟ್ಟಿತೆಂದರೆ ಆನೆ, ಹಂದಿ ಇಳಿಯುತ್ತವೆ. ಹೊಲ ಕಾಯಲು ಎಲ್ಲರಿಗೂ ಒಂದೊಂದು ಅಟ್ಟಣೆ ಬೇಕು. ಎರಡಾಳು ಎತ್ತರದಲ್ಲಿ ಬಿದಿರಿನ ಹಾಸು, ಅದರ ಮೇಲೆ ಇಬ್ಬರು ಕಂಬಳಿ ಹೊದ್ದು ಕೂತು ಕೂಗು ಹಾಕುವುದು. ಸುತ್ತ ಹತ್ತು ಊರಿಗೆ ಅಟ್ಟಣೆ ಕಟ್ಟುವವನು ನಾನೇ. ಕಂಬ, ಬಿದಿರು, ಕತ್ತಾಳೆ ನಾರು, ಇಷ್ಟೇ ನನ್ನ ಸಾಮಾನು. ನಾರನ್ನು ನೆನೆಸಿ, ಕಾಲು ಕೊಟ್ಟು ಎಳೆದು ಕಟ್ಟಿದರೆ ಕಬ್ಬಿಣದ ಗೊಡವೆ ಯಾಕೆ? ಹಾಗಂತ ತಿಳಿದಿದ್ದ ಸೊಕ್ಕಿನ ಮನುಷ್ಯ ನಾನು.

ಐವತ್ತೇಳನೆಯ ಇಸವಿ. ಶಿವರಾತ್ರಿ ಕಳೆದ ಹೊಸತರಲ್ಲಿ ಚಾಮರಾಜನಗರ ತಾಲ್ಲೂಕಿಗೂ ಗುಂಡ್ಲುಪೇಟೆ ತಾಲ್ಲೂಕಿಗೂ ಕಬಡ್ಡಿ ಪಂದ್ಯ ಇಟ್ಟರು. ಎರಡು ಕಡೆಯಿಂದಲೂ ಬಸ್ಸಿಗೆ ಅನುಕೂಲ ಅಂತ ಗುಂಡ್ಲುಪೇಟೆಗೇ ಸೇರಿದ ತೆರಕಣಾಂಬಿಯ ಬಯಲನ್ನೇ ಗೊತ್ತು ಮಾಡಿದರು. ಹಿಂದಿನ ವರ್ಷ ಇದೇ ಪಂದ್ಯದಲ್ಲಿ ಹಿಂದೆ ನಿಂತವರಿಗೆ ಆಟ ಕಾಣದೆ, ಮುಂದಿನವರನ್ನು ತಳ್ಳಿ, ಜನವೆಲ್ಲ ಗೆರೆಯೊಳಕ್ಕೆ ನುಗ್ಗಿ, ಆಡುವವರಿಗಿಂತ ನೋಡುವವರಿಗೇ ಹೆಚ್ಚು ಏಟು ಬಿದ್ದಿತ್ತು. ಅದಕ್ಕೇ ಶಾಲೆಯ ಮೇಷ್ಟ್ರು ಗಂಗಾಧರಸ್ವಾಮಿಯವರು, "ಎಲ್ಲರಿಗೂ ಕಾಣೋ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಕೂರಿಸೋಣ, ಆಗ ಯಾರು ಯಾರನ್ನ ತಳ್ತಾರೆ ನೋಡೋಣ" ಎಂದು ಹಟ ಹಿಡಿದರು. ಹಟ ಮೇಷ್ಟ್ರದು, ಬಿದಿರು ಸಿದ್ದಮಲ್ಲಪ್ಪನವರದು, ಕೈ ನನ್ನದು.

ನನಗೂ ಅದರಲ್ಲೊಂದು ಆಸೆ ಇತ್ತು. ನನ್ನ ಮಗ ಪುಟ್ಟಮಾದು ಗುಂಡ್ಲುಪೇಟೆ ಕಡೆಗೆ ಆಡುವವನಿದ್ದ. ಇಪ್ಪತ್ತು ವರ್ಷ, ಒಣಕಲ ಮೈ, ಆದರೆ ಉಸಿರು ಹಿಡಿದರೆ ಬಿಡುವವನಲ್ಲ. ನಮ್ಮ ಕೇರಿಯಿಂದ ತಾಲ್ಲೂಕಿನ ತಂಡಕ್ಕೆ ಹೋದವನು ಅವನೇ ಮೊದಲು. ಅವನಾಡುವುದನ್ನು ನಾನು ಒಂದು ದಿನವೂ ಕಂಡವನಲ್ಲ. ಅವರು ಆಡುವುದು ಸಂಜೆ; ಸಂಜೆಯಾದರೆ ನಾನು ಯಾರದೋ ಹೊಲದಲ್ಲಿ ಮೇಲೆ ಕೂತಿರುತ್ತಿದ್ದೆ. ಈ ಸಲ ಕಣ್ತುಂಬ ನೋಡಬೇಕು ಅಂತ ಹೆಂಡತಿ ರಾಚಮ್ಮನನ್ನೂ ಕರೆದುಕೊಂಡು ಬಂದಿದ್ದೆ. ಅವಳಿಗೆ ಕಬಡ್ಡಿಯ ತಲೆಬುಡ ಗೊತ್ತಿಲ್ಲ. "ಮಗ ಬೀಳ್ದೆ ಇದ್ರೆ ಸಾಕು" ಅನ್ನುವವಳು.

ಏಳು ದಿನ ಕಟ್ಟಿದೆ. ಆರು ಸಾಲು, ಒಂದರ ಹಿಂದೊಂದು ಎತ್ತರ, ಇನ್ನೂರು ಜನ ಕೂರಬಹುದು. ಹೊಲದ ಅಟ್ಟಣೆಗೆ ನಾನು ಕವೆ ಇರುವ ಕಂಬ ನೆಡುತ್ತೇನೆ, ತೊಲೆ ಕವೆಯೊಳಗೆ ಕೂತುಬಿಡುತ್ತದೆ. ಇಲ್ಲಿ ಅಷ್ಟೊಂದು ಕವೆಗಂಬ ಎಲ್ಲಿಂದ ತರಲಿ? ನೆಟ್ಟನೆಯ ಕಂಬಗಳಿಗೇ ತೊಲೆಯನ್ನು ಪಕ್ಕಕ್ಕೆ ಒತ್ತಿ ನಾರಿನಲ್ಲಿ ಬಿಗಿದು, ಮೇಲೆ ಕೂರಲು ಬಿದಿರು ಸೀಳಿದ ಹಲಗೆ ಹಾಸಿದೆ. ಅಟ್ಟಣೆಯ ಅರ್ಧಕ್ಕೆ ಹುಣಸೆಮರದ ನೆರಳು, ಇನ್ನರ್ಧ ಬಟಾಬಯಲು. ನಡುವೆ ಮೇಲಿನಿಂದ ಕೆಳಗಿನ ತನಕ ಒಂದು ಹಗ್ಗ ಎಳೆಯಲು ಹೇಳಿದರು. ನೆರಳಿನ ಕಡೆ ಊರಿನವರು, ಬಿಸಿಲಿನ ಕಡೆ ಕೇರಿಗಳವರು. ಇದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಆ ಹಗ್ಗಕ್ಕೆ ಗೂಟ ಹೊಡೆದವನೂ ನಾನೇ.

ಪಂದ್ಯದ ದಿನ ನಸುಕಿನಲ್ಲಿ ಅಟ್ಟಣೆಯ ಮೇಲೆಲ್ಲ ರಾಗಿಮೂಟೆ ಹೇರಿ ಪರೀಕ್ಷೆ ಮಾಡಿದೆವು. ಸಿದ್ದಮಲ್ಲಪ್ಪನವರು ಬಂದು ಕಂಬಕ್ಕೆ ಭುಜ ಕೊಟ್ಟು ನೂಕಿದರು. ಕಿರ್ ಎನ್ನಲಿಲ್ಲ. ಇಬ್ಬನಿಗೆ ಬಿದಿರೆಲ್ಲ ತೊಯ್ದು ಹೊಳೆಯುತ್ತಿತ್ತು. "ಪರ್ವಾಗಿಲ್ಲ ಕಣ್ಲಾ ಬೆಟ್ಟ" ಎಂದರು. ನಾನು ಮೀಸೆಗೆ ಕೈ ಹಾಕಿದೆ. ಆ ಮೀಸೆ ಬೋಳಿಸಬೇಕಾಗಿತ್ತು.

ಮಧ್ಯಾಹ್ನ ಮೂರರ ಹೊತ್ತಿಗೆ ಎರಡು ಬಸ್ಸು ತುಂಬಿ ಬಂದವು, ಗಾಡಿಗಳು ಲೆಕ್ಕವಿಲ್ಲ. ಅಟ್ಟಣೆ ಭರ್ತಿಯಾಯಿತು. ಎರಡೂ ತಾಲ್ಲೂಕಿನವರು ಬೆರೆತು ಕೂತಿದ್ದರು. ಬೆರೆಯದಿದ್ದದ್ದು ಹಗ್ಗದ ಆಚೀಚಿನವರು ಮಾತ್ರ. ರಾಚಮ್ಮ ನಮ್ಮ ಕೇರಿಯ ಹೆಂಗಸರ ಜೊತೆ ಬಿಸಿಲ ಕಡೆ ನಾಲ್ಕನೆಯ ಸಾಲಿನ ತುದಿಯಲ್ಲಿ ಸೆರಗು ತಲೆಗೆಳೆದು ಕೂತಳು. ನಾನು ಗೆರೆಯ ಹತ್ತಿರ ಒಳ್ಳೆಯ ಜಾಗ ಹಿಡಿದು ನಿಂತೆ. ಮೇಷ್ಟ್ರು ಪೀಪಿ ಊದಿದರು.

ಮೊದಲು ಹೋದವನು ಚಾಮರಾಜನಗರದವನು. ಆಮೇಲೆ ನಮ್ಮವನೊಬ್ಬ. ಮತ್ತೆ ಅವರವನು. ನಾಲ್ಕನೆಯವನು ನನ್ನ ಮಾದು. "ಕಬಡ್ಡಿ ಕಬಡ್ಡಿ" ಅನ್ನುತ್ತಾ ಅವನು ಗೆರೆ ದಾಟಿದ್ದೇ ತಡ, ನನ್ನ ಹಿಂದೆ ಇನ್ನೂರು ಜನ ಒಟ್ಟಿಗೆ ಮುಂದಕ್ಕೆ ಬಾಗಿದರು. ಆಗ ಕೇಳಿಸಿತು.

ಕಿರ್ರ್.

ಯಾರಿಗೂ ಕೇಳಿಸಿರಲಿಕ್ಕಿಲ್ಲ. ಕೇಳಿಸಿದರೂ ಬಿದಿರಿನ ಸದ್ದು ಅಂದುಕೊಂಡಿರುತ್ತಾರೆ. ಅದು ಬಿದಿರಿನದಲ್ಲ, ಸಡಿಲವಾದ ನಾರು ಕಂಬದ ಮೇಲೆ ಜಾರುವ ಸದ್ದು. ಇಪ್ಪತ್ತು ವರ್ಷ ನಾರಿನ ಜೊತೆಗೇ ಬದುಕಿದವನಿಗೆ ಅದು ತಿಳಿಯದೇ? ಮಗನ ಕಡೆಯಿಂದ ಕಣ್ಣು ಕಿತ್ತು ಅಟ್ಟಣೆಯ ಅಡಿಗೆ ನುಗ್ಗಿದೆ.

ನೆರಳಿನ ಕಡೆಯ ಕಟ್ಟುಗಳನ್ನು ಮುಟ್ಟಿ ನೋಡಿದೆ. ಬಿಗಿಯಾಗಿದ್ದವು. ಬಿಸಿಲ ಕಡೆಗೆ ಬಂದೆ. ಒಂದು, ಎರಡು, ಮೂರನೆಯ ಸಾಲಿನವು ಹೇಗೋ ಇದ್ದವು. ನಾಲ್ಕನೆಯ ಸಾಲಿನ ತುದಿಯ ಕಟ್ಟಿನೊಳಗೆ ನನ್ನ ಕಿರುಬೆರಳು ಸಲೀಸಾಗಿ ಹೋಯಿತು. ನಾರು ಒಣಗಿ ಹುಲ್ಲಾಗಿತ್ತು.

ಆಗ ಹೊಳೆಯಿತು ನೋಡಿ, ಈ ಮುಂಡೇದಕ್ಕೆ. ಹೊಲದ ಅಟ್ಟಣೆ ರಾತ್ರಿಯದು. ಪ್ರತಿ ರಾತ್ರಿ ಇಬ್ಬನಿ ಬೀಳುತ್ತದೆ, ನಾರು ನೆನೆದು ಬಿಗಿದುಕೊಳ್ಳುತ್ತದೆ. ಹಗಲು ಒಣಗಿ ಸಡಿಲವಾದರೆ ಯಾರಿಗೆ ಏನು? ಆಗ ಮೇಲೆ ಒಂದು ಗುಬ್ಬಿಯೂ ಇರುವುದಿಲ್ಲ. ನನ್ನ ಜನ್ಮದಲ್ಲಿ ನಾನು ಹಗಲು ಮೂರು ಗಂಟೆಗೆ ಅಟ್ಟಣೆಯ ಕಟ್ಟು ಮುಟ್ಟಿ ನೋಡಿದವನೇ ಅಲ್ಲ. ಪರೀಕ್ಷೆ ಮಾಡಿದ್ದೂ ನಸುಕಿನಲ್ಲೇ, ಇಬ್ಬನಿಯಲ್ಲೇ. ಅಯ್ಯೋ ದೇವರೇ, ನನ್ನಂಥ ದಡ್ಡ ಇನ್ನೊಬ್ಬನಿದ್ದಾನೆಯೇ?

ಎಲೆಅಡಿಕೆ ಚೀಲದಿಂದ ಸುಣ್ಣ ತೆಗೆದು, ತೊಲೆಯ ಮೇಲಂಚು ಎಲ್ಲಿದೆಯೋ ಅಲ್ಲಿ ಕಂಬದ ಮೇಲೆ ಒಂದು ಗೀಟು ಎಳೆದೆ. ಮೇಲೆ ಜನ ಹೋ ಎಂದು ಕೂಗಿದರು. ಧಡ ಧಡ ಕಾಲು ಬಡಿದರು. ನೋಡುತ್ತಿದ್ದ ಹಾಗೆ ತೊಲೆ ಗೀಟಿನಿಂದ ಒಂದು ಕಾಳಿನಷ್ಟು ಕೆಳಗಿಳಿಯಿತು.

ಕಣ್ಣಲ್ಲೇ ಅಳೆದೆ. ಇನ್ನು ನಾಲ್ಕು ಬೆರಳು ಇಳಿದರೆ ಹಲಗೆಗಳ ತುದಿ ತೊಲೆಯಿಂದ ತಪ್ಪುತ್ತದೆ. ತಪ್ಪಿದರೆ ನಾಲ್ಕನೆಯ ಸಾಲು ಕೆಳಗೆ, ಅದರ ಹಿಂದೆಯೇ ಐದು, ಆರು, ಎಲ್ಲ ಮುಂದೆ ಕೂತವರ ಮೇಲೆ. ಹೆಂಗಸರು, ಮುದುಕರು, ಕಂಕುಳಲ್ಲಿ ಮಕ್ಕಳಿದ್ದವರು. ನಾಲ್ಕನೆಯ ಸಾಲಿನ ತುದಿಯಲ್ಲಿ ನನ್ನ ರಾಚಮ್ಮ.

ಹೊರಗೆ ಬಂದು ಬಿಸಿಲ ಕಡೆಯ ಗಂಡಸರಿಗೆ ಮೆಲ್ಲಗೆ ಹೇಳಿ ನೋಡಿದೆ. "ಒಸಿ ಇಳೀರಪ್ಪ, ಕಟ್ಟು ಬಿಗಿ ಮಾಡ್ಬೇಕು." ಯಾರು ಕೇಳುತ್ತಾರೆ?

"ಓಗಯ್ಯಾ, ಆಟ ಮುಗೀಲಿ."

"ಜಾಗ ಇಡಿಯಾಕೆ ಬಂದವ್ನೆ, ನೋಡ್ರಲಾ ಇವ್ನ!"

ಕೂಗಿ ಹೇಳುವಂತೆಯೂ ಇರಲಿಲ್ಲ. ಅಟ್ಟಣೆ ಬೀಳುತ್ತದೆ ಅಂತ ಒಂದು ಸಲ ಕೂಗಿದರೆ ಇನ್ನೂರು ಜನ ಒಟ್ಟಿಗೆ ಎದ್ದು ಏಣಿಯ ಕಡೆ ನುಗ್ಗುತ್ತಾರೆ. ಜನ ಗೆರೆಗೆ ನುಗ್ಗದ ಹಾಗೆ ಮುಂದೆ ಬಿದಿರಿನ ಅಡ್ಡ ಕಟ್ಟಿತ್ತು; ಇಳಿಯಲು ಇರುವುದು ಒಂದೇ ಏಣಿ, ಅದೂ ನೆರಳಿನ ತುದಿಯಲ್ಲಿ. ಬೀಳದ ಅಟ್ಟಣೆಯನ್ನೂ ಕೂಗಿ ಬೀಳಿಸಿದಂತಾಗುತ್ತದೆ. ಮೊದಲರ್ಧ ಮುಗಿದು ಆಡುವವರು ನೀರು ಕುಡಿದರು, ಮತ್ತೆ ಅಂಗಳಕ್ಕಿಳಿದರು. ನಾನು ಮಾತ್ರ ಒಳಗೆ ಹೋಗುವುದು, ಗೀಟು ನೋಡುವುದು, ಹೊರಗೆ ಬರುವುದು. ಒಂದು ಬೆರಳು. ಒಂದೂವರೆ. ಇದರ ನಡುವೆ ನಾಚಿಕೆಯೂ ಇತ್ತು, ಸುಳ್ಳು ಯಾಕೆ ಹೇಳಲಿ? ಯಾರ ಮುಂದೆ ಜಂಬ ಕೊಚ್ಚಿದ್ದೆನೋ ಅವರ ಮುಂದೆಯೇ ಹೋಗಿ ನಿಲ್ಲಬೇಕಲ್ಲ ಅಂತ. ಅದಕ್ಕೇ ಹತ್ತು ನಿಮಿಷ ಕಳೆದೆ. ಆ ಹತ್ತು ನಿಮಿಷಕ್ಕೆ ನನಗೆ ಚಡಿಯೇಟು ಕೊಡಬೇಕಿತ್ತು.

ಗೀಟಿಗೆ ಎರಡು ಬೆರಳಾದಾಗ ಓಡಿದೆ.

ಸಿದ್ದಮಲ್ಲಪ್ಪನವರು ಬಹುಮಾನದ ಬಟ್ಟಲಿಟ್ಟ ಮೇಜಿನ ಪಕ್ಕ ಕುರ್ಚಿಯಲ್ಲಿ ಕೂತಿದ್ದರು. ಮಲ್ಲಿನ ಅಂಗಿ, ಹಣೆಯಲ್ಲಿ ಮೂರು ಬೆರಳ ವಿಭೂತಿ. ಕಣ್ಣೆಲ್ಲ ಆಟದ ಮೇಲೆ.

"ಬುದ್ದಿ, ಒಸಿ ಬರ್ಬೇಕು."

"ತಡಿಯಲಾ. ನಿನ್ ಮಗ್ನೆ ಈಗ ಓಗೋದು."

"ಬುದ್ದಿ, ನಿಮ್ ಕಾಲಿಗ್ ಬೀಳ್ತೀನಿ."

ನನ್ನ ಮುಖ ನೋಡಿದವರು ಎದ್ದುಬಂದರು. ಅಟ್ಟಣೆಯ ಅಡಿಯಲ್ಲಿ ನಾನು ಗೀಟು ತೋರಿಸಿದೆ, ತೊಲೆ ತೋರಿಸಿದೆ. ಮೇಲೆ ಜನ ಕಾಲು ಬಡಿದರು. ಇಬ್ಬರೂ ನೋಡುತ್ತಿದ್ದ ಹಾಗೆಯೇ ಅದು ಇನ್ನಷ್ಟು ಇಳಿಯಿತು.

"ಮೊಳೆ ತರುಸ್ಲಾ ಅಂದ್ನಲ್ಲೋ, ಲೌಡಿಮಗ್ನೆ!"

"ತಪ್ಪಾಯ್ತು ಬುದ್ದಿ. ಒಡೀರಿ, ಆಮೇಕೆ ಒಡೀರಿ. ಈಗ ಪೀಪಿ ಊದ್ಸಿ ಆಟ ನಿಲ್ಸಿ."

ಅವರು ತಲೆಯಾಡಿಸಿದರು. "ಬ್ಯಾಡ. ಈಗ ನಿಲ್ಸುದ್ರೆ ಯಾಕೆ ನಿಲ್ಸುದ್ರಿ ಅಂತ ಎರಡು ತಾಲ್ಲೂಕಿನೋರೂ ಎದ್ದು ನಿಂತ್ಕತ್ತರೆ. ಆಟ ನಡೀತಿರೋಗಂಟ ಕುಂತಿರ್ತರೆ. ನಡೀಲಿ." ಆಚೆಯ ಕಂಬಗಳತ್ತ ಕೈ ತೋರಿಸಿ ಕೇಳಿದರು, "ನೆರಳಿನ್ ಕಡೆ ತಡೀತದಾ?"

"ಅಲ್ ನಾರು ಒಣಗಿಲ್ಲ ಬುದ್ದಿ. ಒತ್ತರಿಸ್ಕಂಡು ಕುಂತ್ರೂ ತಡೀತದೆ."

"ಅಂಗಾರೆ ಈ ಕಡೆಯೋರ್ನ ಆ ಕಡೆ ಸರ್ಸು."

ನಾನು ನಿಂತೇ ಇದ್ದೆ. ನಡುವೆ ಹಗ್ಗವಿದೆಯಲ್ಲ. ಅದನ್ನು ದಾಟಿ ಅಂತ ಹೇಳುವ ಬಾಯಿ ನನ್ನದಲ್ಲ. ಹೇಳಿದರೂ ದಾಟುವ ಜನ ನಮ್ಮವರಲ್ಲ. ಅವರು ನನ್ನನ್ನು ನೋಡಿದರು, ನಾನು ನೆಲ ನೋಡಿದೆ. ಅವರು ಸರಕ್ಕನೆ ಹೊರಗೆ ಹೋಗಿ, ಅಟ್ಟಣೆಯ ಮುಂದೆ ನಿಂತು ತಾವೇ ಗೂಟದಿಂದ ಹಗ್ಗ ಬಿಚ್ಚಿ ಎಳೆದರು. ಅದು ಮೇಲಿನಿಂದ ಜಾರಿಕೊಂಡು ಬಂದು ಕಾಲಡಿ ಬಿತ್ತು.

"ಬಿಸ್ಲಲ್ಲಿ ಯಾಕ್ ಕುಂತಿದ್ದೀರಿ? ಈ ಕಡೀಕ್ ಬನ್ನಿ. ಯಾರೂ ಏಳ್ಬ್ಯಾಡಿ, ಕುಂತ್ಕಂಡೇ ಸರ್ಕಳ್ಳಿ. ಏಯ್, ನೆರಳಿನೋರು, ಒತ್ತರಿಸ್ಕಳ್ರಯ್ಯಾ!"

ಒಂದು ಗಳಿಗೆ ಯಾರೂ ಅಲುಗಲಿಲ್ಲ. ನೆರಳಿನ ಕಡೆ ಗುಸುಗುಸು ಎದ್ದಿತು. ಬಿಸಿಲ ಕಡೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಷ್ಟರಲ್ಲಿ ಚಾಮರಾಜನಗರದವನೊಬ್ಬ ಔಟಾದ. ಎಲ್ಲರ ಕಣ್ಣೂ ಆಟದ ಕಡೆಗೆ ತಿರುಗಿತು. ಕಣ್ಣು ಅಲ್ಲಿಟ್ಟುಕೊಂಡೇ ಜನ ಸರಿಯತೊಡಗಿದರು. ಮೊದಲು ಇಬ್ಬರು, ಆಮೇಲೆ ಸಾಲು ಸಾಲು. ತೊಡೆಗೆ ತೊಡೆ ತಾಗಿತು. ಯಾರೋ ಯಾರದೋ ಭುಜ ಹಿಡಿದು "ಏನಾಯ್ತಣ್ಣ, ಏನಾಯ್ತು?" ಎಂದು ಕೇಳಿದ್ದು ಕೇಳಿಸಿತು. ಕೇಳಿದವನು ಯಾವ ಕಡೆಯವನೋ, ಹೇಳಿದವನು ಯಾವ ಕಡೆಯವನೋ.

ನಾಲ್ಕನೆಯ ಸಾಲಿನ ಹೆಂಗಸರು ಮಾತ್ರ ಸರಿಯಲಿಲ್ಲ. ಅಪರಿಚಿತ ಗಂಡಸರ ನಡುವೆ ಹೇಗೆ ಕೂರುವುದು ಅಂತ ಹತ್ತು ಹನ್ನೆರಡು ಜನ ಅಲ್ಲೇ ಉಳಿದರು. ಅವರ ತುದಿಗೆ ರಾಚಮ್ಮ. ಅವರ ಹಿಂದಿನ ಎರಡು ಸಾಲಿನ ಮುದುಕರೂ ಅಲುಗಲಿಲ್ಲ. ಹೆಂಗಸರನ್ನು ದಬಾಯಿಸಿ ಎಬ್ಬಿಸಿದರೆ ಅವರು ಎದ್ದೇ ನಿಲ್ಲುತ್ತಾರೆ.

ಸಿದ್ದಮಲ್ಲಪ್ಪನವರು ಮತ್ತೆ ಅಡಿಗೆ ಬಂದರು. ತೊಲೆ ಮೂರು ಬೆರಳು ಇಳಿದಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವರು ಬಗ್ಗಿ, ಬಲಭುಜವನ್ನು ತೊಲೆಯ ಕೆಳಗೆ ಕೊಟ್ಟು, "ಉಂ" ಎಂದು ಎತ್ತಿದರು. ನಾನು ಪಕ್ಕದಲ್ಲೇ ನುಸುಳಿ ನನ್ನ ಭುಜ ಕೊಟ್ಟೆ. ಅವರು ಎತ್ತರದ ಆಳು, ನಾನು ಗಿಡ್ಡ. ಕಾಲಡಿಗೆ ಒಂದು ಕಲ್ಲು ಎಳೆದುಕೊಂಡೆ. ಅವರ ತೋಳು ನನ್ನ ತೋಳಿಗೆ ಒತ್ತಿಕೊಂಡಿತ್ತು. ಅಷ್ಟು ಹತ್ತಿರ ನಾನು ಅವರ ಬಳಿ ನಿಂತಿದ್ದು ಅದೇ ಮೊದಲು. ಬೆವರಿಗೆ ವಿಭೂತಿ ಕರಗಿ ಮೂಗಿನ ಮೇಲೆ ಇಳಿಯುತ್ತಿತ್ತು.

"ಇದ್ಕೇನ್ಲಾ ಮದ್ದು?"

"ನೀರು ಬುದ್ದಿ. ನಾರಿಗೆ ನೀರ್ ಬಿದ್ರೆ ಬಿಗೀತದೆ. ಒಸಿ ಒತ್ತು ಬೇಕು."

ನನ್ನ ಭಾಮೈದ ಮೂಗಯ್ಯ ಹತ್ತಿರದಲ್ಲೇ ಇದ್ದ. ಕೂಗಿದೆ. ಬಂದವನು ನಮ್ಮಿಬ್ಬರನ್ನೂ ನೋಡಿ ಬಾಯಿ ಬಿಟ್ಟುಕೊಂಡು ನಿಂತ.

"ನೀರ್ ತತ್ತಾರ್ಲಾ!"

"ಎಲ್ಲಿಂದ್ ತರ್ಲಿ ಬಾವ? ನಮ್ ಗಡಿಗೆ ಬರಿದಾಗದೆ."

ನೀರಿದ್ದದ್ದು ಹುಣಸೆಮರದ ಬುಡದಲ್ಲಿ, ಊರಿನವರಿಗೆಂದು ಇಟ್ಟ ಹಿತ್ತಾಳೆ ಬಿಂದಿಗೆಯಲ್ಲಿ. ಮೂಗಯ್ಯ ಅತ್ತ ನೋಡಿದ, ಸಿದ್ದಮಲ್ಲಪ್ಪನವರ ಕಡೆ ನೋಡಿದ.

"ಏನ್ಲಾ ಮಕ ನೋಡ್ತೀಯೆ? ಬಿಂದಿಗೆ ಎತ್ಕಂಡು ಬಾ ಓಗು!" ಅವರ ದನಿಗೆ ತೊಲೆಯೇ ಅದುರಿದ ಹಾಗಾಯಿತು.

ತಂದ. ಕಟ್ಟಿನ ಮೇಲೆ ಬೊಗಸೆ ಬೊಗಸೆಯಾಗಿ ಹುಯ್ದ. ಒಣನಾರು ನೀರನ್ನು ಸರ್ರನೆ ಹೀರಿತು. ಈಗ ಮಾಡಬೇಕಾದದ್ದು ಒಂದೇ, ನಾರು ಬಿಗಿಯುವ ತನಕ ಹೊತ್ತು ನಿಲ್ಲುವುದು. ಮೇಲಿನವರು ಜಿಗಿದರೆ ನಮ್ಮ ಭುಜದ ಮೂಳೆಯೂ ಇಲ್ಲ, ಅವರೂ ಇಲ್ಲ.

ನಮ್ಮ ಮುಂದೆ ಕಾಣುತ್ತಿದ್ದದ್ದು ಕಾಲುಗಳು ಮಾತ್ರ. ಚಪ್ಪಲಿ, ಬರಿಗಾಲು, ಕಾಲುಂಗುರ. ಅವುಗಳ ಆಚೆ ಎಲ್ಲೋ "ಕಬಡ್ಡಿ ಕಬಡ್ಡಿ" ಅನ್ನುವ ದನಿ. ದನಿ ಹತ್ತಿರ ಬರುತ್ತಿತ್ತು, ನಿಂತುಬಿಡುತ್ತಿತ್ತು. ಯಾರು ಹೋದ, ಯಾರು ಬಿದ್ದ, ಒಂದೂ ತಿಳಿಯದು. ಹೊತ್ತ ಭಾರಕ್ಕಿಂತ ಅದೇ ಹೆಚ್ಚು ಹಿಂಸೆಯಾಯಿತು ನನಗೆ.

ಅವರಿಗೂ ಹಾಗೆಯೇ ಆಗಿರಬೇಕು. ತಲೆ ಹೊರಳಿಸಿ ಹಲಗೆಯ ಸಂದಿಗೆ ಬಾಯಿಟ್ಟು ಕೇಳಿದರು. "ಮೇಲ್ ಯಾರವ್ವಾ? ಆಟ ಎಲ್ಲಿಗ್ ಬಂತು?"

ಸಂದಿಯಲ್ಲಿ ಒಂದು ಕಣ್ಣು ಕಾಣಿಸಿತು. ರಾಚಮ್ಮನದು.

"ಮಾದನಪ್ಪಾ, ನೀನೇನ್ ಮಾಡ್ತಾ ಇದ್ದೀಯೆ ಅಲ್ಲಿ?"

"ಕೇಳ್ಬ್ಯಾಡ ಕಣಮ್ಮಿ. ಅಲ್ಲಾಡ್ಬ್ಯಾಡ, ಯಾರ್ನೂ ಏಳಾಕೆ ಬುಡ್ಬ್ಯಾಡ. ಆಟ ಎಂಗಾಯ್ತಾ ಅದೆ, ಅದ್ನೇಳು" ಎಂದೆ.

ಅವಳ ಕಣ್ಣು ನನ್ನ ಭುಜದಿಂದ ಕಂಬದ ಸುಣ್ಣದ ಗೀಟಿಗೆ ಹೊರಳಿತು. ಆಮೇಲೆ ಪಕ್ಕದ ಹೆಂಗಸರಿಗೆ, "ಕುಂತ್ಕಳ್ರಮ್ಮಿ, ನಿಂತ್ರೆ ಇಂದಿನೋರ್ಗೆ ಕಾಣಾಕಿಲ್ಲ" ಎಂದು ಗದರಿದ್ದು ಕೇಳಿಸಿತು. ಆಮೇಲೆ ಸಂದಿಯಿಂದ ಹೇಳತೊಡಗಿದಳು.

"ಅವ್ರ ಕಡೆಯೋನೊಬ್ಬ ಬಂದವ್ನೆ. ಉದ್ದಕವ್ನೆ. ನಮ್ಮೋರು ಸುತ್ಕಂಡ್ರು... ಇಡುದ್ಬುಟ್ರು!"

"ಭೇಷ್!" ಎಂದರು ಸಿದ್ದಮಲ್ಲಪ್ಪನವರು, ಭುಜ ಇನ್ನಷ್ಟು ಒತ್ತಿ.

"ಈಗ ನಮ್ ಮಾದ."

ಕೇಳಿಸಿಕೊಳ್ಳಲು ಕತ್ತು ಚಾಚಿದೆ. ಕಲ್ಲು ಅಲುಗಿತು. ಮೂಗಯ್ಯ ಓಡಿಬಂದು ಕಲ್ಲು ಹಿಡಿದ.

"ಗೆರೆ ದಾಟ್ದ. ಒಬ್ಬನ್ ಮುಟ್ದ. ಇನ್ನೊಬ್ಬನ್ನೂ ಮುಟ್ದ..."

"ತಿರೀಕಂಡು ಬಾರ್ಲಾ!" ಎಂದು ಸಿದ್ದಮಲ್ಲಪ್ಪನವರು ತೊಲೆಯ ಕೆಳಗಿನಿಂದಲೇ ಕೂಗಿದರು. ನನ್ನ ಮಗನಿಗೆ!

"ಕಾಲ್ ಇಡುದ್ರು. ಮೂರ್ ಜನ ಬಿದ್ದವ್ರೆ ಮ್ಯಾಲೆ. ಉಸ್ರು ಬುಟ್ಟಿಲ್ಲ, ಇನ್ನೂ ಬುಟ್ಟಿಲ್ಲ. ಎಳ್ಕಂಡು ಬತ್ತಾವ್ನೆ. ನೀವು ಬುಡ್ಬ್ಯಾಡಿ, ಇನ್ನೊಸಿ, ಇನ್ನೊಸಿ..."

ಮೇಲೆ ಅಟ್ಟಣೆ ಪೂರ್ತಿ ಮೌನವಾಗಿತ್ತು. ಎರಡು ತಾಲ್ಲೂಕಿನ ಜನ, ಅಷ್ಟೂ ಜನ ಒಂದೇ ಉಸಿರು ಹಿಡಿದಂತೆ. ನಾನೂ ಹಿಡಿದಿದ್ದೆ. ಪಕ್ಕದಲ್ಲಿ ಅವರೂ ಹಿಡಿದಿದ್ದರು. ಅವರ ಕತ್ತಿನ ನರ ಹುರಿಯಾಗಿ ಎದ್ದಿತ್ತು. ಆಗ ಪೀಪಿ ಕೇಳಿಸಿತು. ತಲೆಯ ಮೇಲೆ ಆಕಾಶವೇ ಕಳಚಿಬಿದ್ದಂತೆ ಜನ ಅರಚಿದರು, ನೆರಳಿನ ಕಡೆ ಎದ್ದು ಕುಣಿದರು. ಭಾರ ಒಮ್ಮೆಲೇ ನಮ್ಮ ಭುಜದ ಮೇಲೆ ಕುಕ್ಕಿತು. ನನ್ನ ಮಂಡಿ ಬಗ್ಗಿತು. ಮುಗಿಯಿತು ಅಂದುಕೊಂಡೆ.

"ಕೈ ಗೆರೆ ಮ್ಯಾಲೆ ಮಡಗ್ದ!" ರಾಚಮ್ಮ ಸಂದಿಯಲ್ಲಿ ಕಿರುಚಿದಳು. "ಮಾದ ಗೆದ್ದ! ನಮ್ಮೋರು ಗೆದ್ರು ಕಣಪ್ಪೋ!"

ಎಲ್ಲಿಂದ ಬಂತೋ ಆ ಬಲ. ಸಿದ್ದಮಲ್ಲಪ್ಪನವರು ಗಹಗಹಿಸಿ ನಕ್ಕರು, ನಗುತ್ತಲೇ ನೆಟ್ಟಗಾದರು. ನಾನು ಅಳುತ್ತಿದ್ದೆ, ಅಳುತ್ತಲೇ ನೆಟ್ಟಗಾದೆ. ತೊಲೆ ಮತ್ತೆ ಮೇಲಕ್ಕೆ ಬಂತು.

ಜನ ಇಳಿದರು. ಸಿದ್ದಮಲ್ಲಪ್ಪನವರು ಅಡಿಯಿಂದಲೇ ಕೂಗಿ ಕೂಗಿ ಒಬ್ಬೊಬ್ಬರನ್ನೇ ಏಣಿಯಿಂದ ಇಳಿಸಿದರು. ನೂರು ಕಾಲು, ಐವತ್ತು ಕಾಲು, ಹತ್ತು ಕಾಲು. ಕೊನೆಗೆ ನಾಲ್ಕನೆಯ ಸಾಲಿನ ತುದಿಯಲ್ಲಿ ಎರಡೇ ಕಾಲು ಉಳಿದವು. ಎಲ್ಲರನ್ನೂ ಕಳಿಸಿ ರಾಚಮ್ಮ ಕೊನೆಗೆ ಇಳಿದಳು. ಅವಳ ಪಾದ ನೆಲ ಮುಟ್ಟಿದ ಮೇಲೆ ಅವರು, "ಬುಡನ?" ಎಂದು ಕೇಳಿದರು.

"ಬುಡನ ಬುದ್ದಿ."

ಒಟ್ಟಿಗೆ ಭುಜ ತೆಗೆದೆವು. ತೊಲೆ ಕಿರ್ ಎಂದಿತು. ನಿಂತಿತು. ನಾರು ಆಗಲೇ ಬಿಗಿದಿತ್ತು. ಯಾವಾಗ ಬಿಗಿಯಿತೋ ಗೊತ್ತಿಲ್ಲ.

ಹೊರಗೆ ಬಂದು ಇಬ್ಬರೂ ನೆಲದ ಮೇಲೆ ಕುಸಿದ ಹಾಗೆ ಕೂತೆವು. ಅವರ ಅಂಗಿ ಭುಜದ ಬಳಿ ಹರಿದು ರಕ್ತ ಹತ್ತಿತ್ತು. ಬಲಗೈ ಮೇಲೆತ್ತಲು ಆಗುತ್ತಿರಲಿಲ್ಲ. "ನೀರು" ಎಂದರು. ಮೂಗಯ್ಯ ತಳದಲ್ಲಿ ಸ್ವಲ್ಪ ನೀರು ಉಳಿದಿದ್ದ ಬಿಂದಿಗೆ ಹಿಡಿದು ಕಲ್ಲಾಗಿ ನಿಂತಿದ್ದ. ಅವರು ಎಡಗೈಯನ್ನು ಬೊಗಸೆ ಮಾಡಿ ಬಾಯಿಗೆ ಹಿಡಿದು, "ಉಯ್ಯೋ ಮಾರಾಯ, ಗಂಟ್ಲು ಒಣಗದೆ" ಎಂದರು. ಅವನು ಬಿಂದಿಗೆ ಬಗ್ಗಿಸಿ ಹುಯ್ದ. ಅವರು ಕುಡಿದರು.

ಆಗ ಪುಟ್ಟಮಾದು ಬಂದ. ಮೈಯೆಲ್ಲ ಮಣ್ಣು, ಮಂಡಿ ತರಚಿತ್ತು. ಎದ್ದು ತಬ್ಬಿಕೊಳ್ಳಲು ಹೋದೆ. ಅವನು ತಲೆ ಎತ್ತಲಿಲ್ಲ.

"ಸೋತ್ಬುಟ್ಟೋ ಕಣಪ್ಪ. ನನ್ನಿಂದ್ಲೇ. ನಡು ಅಂಗಳದಲ್ಲೇ ಇಡ್ಕಂಡ್ಬುಟ್ರು, ಗೆರೆ ಒಂದ್ ಮಾರು ಇತ್ತು. ಅಲ್ಲೇ ಉಸ್ರು ಓಯ್ತು."

ನಾನು ರಾಚಮ್ಮನ ಕಡೆ ತಿರುಗಿದೆ. ಸಿದ್ದಮಲ್ಲಪ್ಪನವರೂ ತಿರುಗಿದರು. ಅವಳು ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

"ಮತ್ತೆ ಗೆದ್ದ ಅಂದ್ಯಲ್ಲಮ್ಮಿ?"

"ನಾನೆಲ್ ಆಟ ನೋಡ್ದೆ?" ಎಂದಳು. "ಸಂದೀಲಿ ನೀವಿಬ್ರೂ ಅಂಗ್ ನಿಂತಿರೋದು ಕಂಡ್ ಮ್ಯಾಲೆ ಕಣ್ಣು ಅತ್ಲಾಗೆ ಓಗ್ಲೇ ಇಲ್ಲ. ಆ ಸುಣ್ಣದ್ ಗೀಟೇ ನೋಡ್ತಾ ಇದ್ದೆ. ನನ್ ಬಾಯಿಗ್ ಬಂದದ್ದು ಏಳ್ದೆ. ನಿನ್ ಮಂಡಿ ಬಗ್ತಲ್ಲ, ಆಗ ಗೆದ್ದ ಅಂದೆ. ಇನ್ನೊಸಿ ಒತ್ತು ಇಡ್ಕತ್ತೀರಿ ಅಂತ."

ಬಸ್ಸು ಹಾರನ್ ಹೊಡೆಯುತ್ತಿತ್ತು. ಪುಟ್ಟಮಾದು ಏನೂ ಅರ್ಥವಾಗದೆ ನಮ್ಮನ್ನೇ ನೋಡುತ್ತಿದ್ದ. ಅವನ ಕಣ್ಣು ತುಂಬಿತ್ತು. ಸಿದ್ದಮಲ್ಲಪ್ಪನವರು ಎಡಗೈ ನನ್ನ ಭುಜದ ಮೇಲೆ ಊರಿ ಮೆಲ್ಲಗೆ ಎದ್ದರು. ಅವನ ಮುಂದೆ ಹೋಗಿ ನಿಂತರು.

"ಯಾವನ್ಲಾ ನಿಂಗೆ ಸೋತೆ ಅಂದವ್ನು?" ಎಂದರು. "ನೀನ್ ಇಬ್ರನ್ ಮುಟ್ಟಿ, ಮೂರ್ ಜನನ್ನ ಎಳ್ಕಂಡು ಬಂದು ಗೆರೆ ಮ್ಯಾಲೆ ಕೈ ಮಡಗ್ದೆ. ನಾನೂ ಬೆಟ್ಟಯ್ಯನೂ ನಮ್ ಕಿವಿಯಾರ ಕೇಳಿವಿ."